ನಿಮ್ಮ ಅಂಗಳದಲ್ಲಿ ಈಗ ಏನು ಬಿಟ್ಟಿದೆ?

ಕೇಳುಗರಿಗೆಲ್ಲ ನಮಸ್ಕಾರ. ವೈಶಾಖದಲ್ಲಿ ಗಿಡದ ಹುಚ್ಚಿನವರು ಇಬ್ಬರು ಸಿಕ್ಕರೆ ಮೊದಲ ಮಾತೇ ಇದು: "ನಿಮ್ಮಲ್ಲಿ ಈಗ ಏನು ಬಿಟ್ಟಿದೆ?" ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ, ಅದೆಲ್ಲ ಆಮೇಲೆ.

ನಮ್ಮ ಸಾಗರದ ಕಡೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ಲ, ಆ ಮಳೆ ಚೆನ್ನಾಗಿಯೇ ಹೊಡೆದು ಹೋಯಿತು, ಅದರ ಬೆನ್ನಿಗೇ ಫುಟ್‌ಬಾಲ್ ಲಿಲ್ಲಿ ಎದ್ದಿದೆ. ಆಫ್ರಿಕಾ ಮೂಲದ ಗಡ್ಡೆ ಗಿಡ ಇದು. ಎಲೆಗಿಂತ ಮೊದಲು ಹೂವೇ ಬರುತ್ತದೆ. ಬರೀ ಮಣ್ಣಿನಿಂದ ದಪ್ಪ ದಂಟು ಮೇಲೆದ್ದು, ತುದಿಯಲ್ಲಿ ಕೆಂಪು ಉಂಡೆ. ಹತ್ತಿರ ಹೋಗಿ ನೋಡಿ, ಅದು ಒಂದು ಹೂವಲ್ಲ. ಹತ್ತಾರು ಪುಟ್ಟ ಹೂಗಳು ಒತ್ತೊತ್ತಾಗಿ ನಿಂತಿವೆ, ಒಂದೊಂದಕ್ಕೂ ಆರು ತೆಳು ಎಸಳು, ಆರು ಕೇಸರ, ಕೇಸರದ ತುದಿಯಲ್ಲಿ ಹಳದಿ ಪುಡಿ. ಒಂದು ವಾರದ ವೈಭವ, ಅಷ್ಟೇ. ಆಮೇಲೆ ಮಳೆಗಾಲವಿಡೀ ಎಲೆ, ಚಳಿ ಶುರುವಾದ ಮೇಲೆ ಆ ಎಲೆಯೂ ಹಳದಿಯಾಗಿ ಮಾಯ. ಕುಂಡ ಖಾಲಿ ಕಾಣುತ್ತದೆ, ಅಲ್ವಾ? ಎಡವಟ್ಟು ಆಗುವುದೇ ಅಲ್ಲಿ. ಕೆಲವರು ಅದರಲ್ಲಿ ಬೇರೆ ಗಿಡ ಚುಚ್ಚುತ್ತಾರೆ. ಇನ್ನು ಕೆಲವರು ಪಾಪ ಅಂತ ದಿನಾ ನೀರು ಹಾಕಿ ಗಡ್ಡೆ ಕೊಳೆಸುತ್ತಾರೆ.

ಇವತ್ತು ನಾನು ಹೇಳಬೇಕು ಅಂದುಕೊಂಡದ್ದು ಇದನ್ನೇ. ಈ ತಿಂಗಳು ಮೈತುಂಬ ಬಿಡುವ ಹೂಗಳಲ್ಲಿ ಬಹಳಷ್ಟು ಮೊದಲು ಒಣಗಿ, ಆಮೇಲೆ ನೀರು ಕುಡಿದವು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಸುಮ್ನೆ ಕೂತಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ, ಇಲ್ಲವೇ ಸ್ಪ್ರಿಂಕ್ಲರ್ ಹಾರಿಸಿದರೆ, 8-10 ದಿನಕ್ಕೆ ಇಡೀ ತೋಟ ಬೆಳ್ಳಗೆ. ಒಣಗುವ ಕಾಲ ಸರಿಯಾಗಿ ಸಿಗದಿದ್ದರೆ ಹೂವು ಒಟ್ಟಿಗೆ ಬಿಡುವುದಿಲ್ಲ, ಅಷ್ಟಿಷ್ಟು ಬಿಡಿಬಿಡಿಯಾಗಿ ಬರುತ್ತದೆ. ಮಳೆ ಲಿಲ್ಲಿಯದೂ ಹೆಚ್ಚುಕಡಿಮೆ ಅದೇ ಕಥೆ. ನಲ್ಲಿ ನೀರಿಗೆ ಕ್ಯಾರೇ ಅನ್ನದ ಗಡ್ಡೆ ಒಂದು ಒಳ್ಳೆಯ ಮಳೆ ಬಿದ್ದ ಕೆಲವೇ ದಿನಕ್ಕೆ ಗುಲಾಬಿ, ಬಿಳಿ, ಹಳದಿ ಹೂ ಹೊತ್ತು ನಿಲ್ಲುತ್ತದೆ.

ಬೆಂಗಳೂರಿನಲ್ಲಿ ತಾರಸಿ ತೋಟ ಮಾಡಿರುವ ಗೆಳತಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಕಾಗದದ ಹೂವಿನ ಗಿಡ ಆಳೆತ್ತರ ಬೆಳೆದಿದೆ ಕಣೇ, ಹೂ ಮಾತ್ರ ಇಲ್ಲ." ಎಷ್ಟು ನೀರು ಹಾಕುತ್ತೀಯ ಅಂದೆ. ದಿನಾ ಎರಡು ಹೊತ್ತು! ಜೊತೆಗೆ ಸಗಣಿ ಗೊಬ್ಬರ ಬೇರೆ. ಬೋಗನ್‌ವಿಲ್ಲಾಗೆ ಅಷ್ಟು ಉಪಚಾರ ಮಾಡಿದರೆ ಅದು ಎಲೆ ಬಿಟ್ಟುಕೊಂಡು ಆರಾಮಾಗಿ ಇರುತ್ತದೆ. ಬಿಸಿಲಿಗೆ ಇಟ್ಟು, ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಕೊಡಿ, ಬಣ್ಣ ತಾನಾಗಿ ಬರುತ್ತದೆ.

ಆದರೆ ಈ ಮಾತು ಎಲ್ಲ ಗಿಡಕ್ಕೂ ಅಲ್ಲ, ಎಲ್ಲ ಊರಿಗೂ ಅಲ್ಲ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಕುಂಡದ ದಾಸವಾಳಕ್ಕೆ ಎರಡು ದಿನ ನೀರು ತಪ್ಪಿಸಿ ನೋಡಿ, ಮೊಗ್ಗೆಲ್ಲ ಉದುರಿಸಿ ಕೂರುತ್ತದೆ. ಹೊಸದಾಗಿ ನೆಟ್ಟ ಸಸಿಗಂತೂ ಬೆಳಗ್ಗೆ, ಸಂಜೆ ನೀರು ಬೇಕೇ ಬೇಕು.

ಇನ್ನು ಮಲ್ಲಿಗೆ. ಇದರ ಕಾಲವೇ ಇದು. ಉಡುಪಿ ಕಡೆ ಶಂಕರಪುರದಲ್ಲಿ ಮಲ್ಲಿಗೆಯ ಲೆಕ್ಕ ಬೇರೆಯೇ: 800 ಹೂ ಸೇರಿದರೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಕೊಡುತ್ತಾರೆ. ಮನೆಯಂಗಳದ ಗಿಡದಲ್ಲಿ ನೀವು ಮೊಗ್ಗು ಬಿಡಿಸುವಾಗ ಒಂದು ಕ್ಷಣ ಕಣ್ಣು ಹಾಯಿಸಿ. ಬೆಳ್ಳಗಿರಬೇಕಾದ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ ಸೂಜಿ ಚುಚ್ಚಿದಷ್ಟು ತೂತು ಇದ್ದರೆ ಒಳಗೆ ಹುಳು ಇದೆ ಅಂತಲೇ ಲೆಕ್ಕ. ಎಸಳು ಬಿಡಿಸಿದರೆ ಕಪ್ಪು ತಲೆಯ ಸಣ್ಣ ಹುಳು ಸಿಗುತ್ತದೆ. ಅಂಥ ಮೊಗ್ಗನ್ನು ಬುಡಕ್ಕೆ ಎಸೆಯಬೇಡಿ, ಆರಿಸಿ ದೂರ ಹಾಕಿ, ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿ. ಒಂದು ಸರದಿ ಹೂ ಮುಗಿದ ಮೇಲೆ ಕೊಂಬೆಯ ತುದಿ ಕತ್ತರಿಸಿದರೆ ಹೊಸ ಚಿಗುರು, ಚಿಗುರಿನ ತುದಿಗೆ ಮತ್ತೆ ಮೊಗ್ಗು.

ಮಲೆನಾಡಿನಲ್ಲಿ ಹಲಸಿನ ಮರ, ಮಾವಿನ ಮರದ ಮೇಲೆ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಹೂವಿನ ಗೊಂಚಲೂ ಇಳಿಬೀಳುವ ಸಮಯ. ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಹಬ್ಬಕ್ಕೆ ಮುಡಿಯುವುದೂ ಇದೇ ಹೂ. ಚೆಂದ ಕಂಡಿತು ಅಂತ ಕಾಡಿನ ಮರದಿಂದ ಕಿತ್ತು ತರಬೇಡಿ, ದಯವಿಟ್ಟು. ಗಾಳಿಮಳೆಗೆ ಮುರಿದು ಬಿದ್ದ ಕೊಂಬೆಯಲ್ಲಿ ಸಿಕ್ಕಿದರೆ ತಂದು ಅಂಗಳದ ಮರಕ್ಕೆ ಕಟ್ಟಿ. ಮಣ್ಣಿನ ಕುಂಡದಲ್ಲಿ ಹೂತರೆ ಬೇರು ಉಸಿರುಕಟ್ಟಿ ಸಾಯುತ್ತದೆ.

ಬ್ರಹ್ಮಕಮಲ ನಮ್ಮಲ್ಲಿ ಇನ್ನೂ ಬಿಟ್ಟಿಲ್ಲ, ಮೊಗ್ಗು ಬೆರಳುದ್ದ ಆಗಿದೆ. ನಿಮ್ಮಲ್ಲೂ ಮೊಗ್ಗು ಬಂದಿದ್ದರೆ ಕುಂಡವನ್ನು ಇದ್ದಲ್ಲೇ ಬಿಡಿ, ಈಗ ಜಾಗ ಬದಲಿಸಿದರೆ ಮೊಗ್ಗು ಉದುರುವ ಸಂಭವ ಜಾಸ್ತಿ. ಯಾರ ಮನೆಯಲ್ಲಾದರೂ ಮಳೆ ಲಿಲ್ಲಿ ಕಂಡರೆ ನಾಚಿಕೆ ಬಿಟ್ಟು ಒಂದು ಹಿಡಿ ಗಡ್ಡೆ ಕೇಳಿ, ಅದು ಕೊಟ್ಟಷ್ಟೂ ಹೆಚ್ಚುತ್ತದೆ. ಫುಟ್‌ಬಾಲ್ ಲಿಲ್ಲಿ ಬೇಕಿದ್ದರೆ ಮಾತ್ರ ಈಗ ಅಗೆಸಬೇಡಿ, ಎಲೆ ಒಣಗಿದ ಮೇಲೆ ತರೋಣ. ನಮಸ್ಕಾರ.