ಗ್ಯಾರೇಜಲ್ಲಿ ಹುಟ್ಟಿದ ಕಾರಿಗೆ ಚೆಂಡಿನ ಪರೀಕ್ಷೆ

ಎಲ್ರಿಗೂ ನಮಸ್ಕಾರ. ಇವತ್ತು ಒಂದು ಚೆಂಡಿನ ವಿಷ್ಯ ಹೇಳ್ತೀನಿ. ಕ್ರಿಕೆಟ್ ಚೆಂಡಲ್ಲ, ಅದಕ್ಕಿಂತ ದೊಡ್ಡದು, ಅಡ್ಡಳತೆ ಸರಿಯಾಗಿ 100 ಮಿಲಿಮೀಟರ್, ಒಂದು ದಪ್ಪ ಮೂಸಂಬಿ ಅಂದ್ಕೊಳ್ಳಿ. ಬ್ರಿಟನ್ನಲ್ಲಿ ಮನೆ ಗ್ಯಾರೇಜಲ್ಲೇ ಕಾರ್ ಕಟ್ಟಿ ರೋಡಿಗೆ ತರ್ಬೇಕು ಅನ್ನೋರಿಗೆ ರಾತ್ರಿ ನಿದ್ದೆ ಕೆಡಿಸೋದು ಎಂಜಿನ್ ಅಲ್ಲ, ಬ್ರೇಕೂ ಅಲ್ಲ, ಈ ಚೆಂಡು.

ನಾನು ಹಾಸನದ ಕಡೆಯವ್ನು, ಹದಿನಾಲ್ಕು ವರ್ಷದಿಂದ ಇಂಗ್ಲೆಂಡಲ್ಲಿ ಕೆಲ್ಸ. ನಮ್ಮ ಪಕ್ಕದ್ಮನೇಲಿ ಒಬ್ರು ತಾತ ಇದಾರೆ, ಬಸ್ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದೋರು, ಅವ್ರು ಎರಡೂವರೆ ವರ್ಷ ಕೂತು ಒಂದು ಕಿಟ್ ಕಾರ್ ಕಟ್ಟಿದ್ರು. ಕಿಟ್ ಕಾರ್ ಅಂದ್ರೆ ಏನಪ್ಪಾ ಅಂದ್ರೆ, ಚಾಸಿ, ಬಾಡಿ, ಸಸ್ಪೆನ್ಷನ್ ಎಲ್ಲಾ ಡಬ್ಬಗಳಲ್ಲಿ ಬರುತ್ತೆ, ಎಂಜಿನ್ನು ಗೇರ್‌ಬಾಕ್ಸು ಎಷ್ಟೋ ಸಲ ಯಾವ್ದೋ ಗುಜರಿ ಕಾರಿಂದ ಕಿತ್ತಿದ್ದು, ಜೋಡ್ಸೋದು ನಮ್ಮ ಹಣೆಬರಹ. ಈ ಹುಚ್ಚು ಅಲ್ಲಿ ಹಳೇದು. 1957ರಲ್ಲಿ ಕಾಲಿನ್ ಚಾಪ್‌ಮನ್ ಅವ್ರ ಲೋಟಸ್ ಕಂಪ್ನಿಯ ಸೆವೆನ್ ಅನ್ನೋ ಕಾರ್ ಬಂತು, ಪೂರ್ತಿ ಕಾರ್ ತಗೊಂಡ್ರೆ ಪರ್ಚೇಸ್ ಟ್ಯಾಕ್ಸ್, ಬಿಡಿಭಾಗ ತಗೊಂಡ್ರೆ ಇಲ್ಲ, ಆದ್ರೆ ಜೋಡ್ಸೋ ವಿಧಾನದ ಪುಸ್ತಕ ಜೊತೆಗೆ ಕೊಡೋ ಹಾಗಿರ್ಲಿಲ್ಲ. ಅದಕ್ಕೆ ಚಾಪ್‌ಮನ್ ಕಾರ್ ಬಿಚ್ಚೋದು ಹೇಗೆ ಅಂತ ಬರ್ದು ಕೊಟ್ರಂತೆ, ನೀವು ಕೊನೇ ಪುಟದಿಂದ ಶುರು ಮಾಡ್ಕೊಳ್ಳಿ ಅಂತ. ಈ ಕಥೆ ಹೇಳ್ದೆ ಇರೋ ಕಿಟ್ ಕಾರಿನೋರನ್ನ ನಾನಂತೂ ನೋಡಿಲ್ಲ. 1973ರಲ್ಲಿ ಬಿಡಿಭಾಗಕ್ಕೂ ಬೀಳೋ ವ್ಯಾಟ್ ಬಂದು ಆ ಟ್ಯಾಕ್ಸ್ ಆಟ ಮುಗೀತು, ಅದೇ ವರ್ಷ ಸೆವೆನ್ ಮಾಡೋ ಹಕ್ಕು ಕೇಟರ್‌ಹ್ಯಾಮ್ ಕಂಪ್ನಿಗೆ ಹೋಯ್ತು, ಈಗ್ಲೂ ಅವ್ರು ಮಾಡ್ತಿದಾರೆ.

ಇಂಥ ಕಾರ್‌ಗಳನ್ನ ರೋಡಿಗೆ ಬಿಡೋ ಮುಂಚೆ ಒಂದೊಂದನ್ನೂ ಚೆಕ್ ಮಾಡೋ ಪದ್ಧತಿ 1998ರಲ್ಲಿ ಬಂತು, ಎಸ್‌ವಿಎ ಅಂತಿದ್ರು, 2009ರಿಂದ ಅದ್ರ ಜಾಗಕ್ಕೆ ಐವಿಎ ಬಂತು, ಇದು ಜಾಸ್ತಿ ಬಿಗಿ. ಕಂಪ್ನಿ ಕಾರ್ ಆದ್ರೆ ಒಂದು ಮಾಡೆಲ್ ಪಾಸಾದ್ರೆ ಲಕ್ಷ ಕಾರ್ ಪಾಸಾದ ಹಾಗೆ. ತಾತನ ಕಾರ್ ಥರದ್ದು ಪ್ರಪಂಚದಲ್ಲೇ ಒಂದು, ಹಾಗಾಗಿ ಆ ಒಂದನ್ನೇ ಸರ್ಕಾರದ ಇನ್ಸ್‌ಪೆಕ್ಟರ್ ಸಾವಕಾಶವಾಗಿ ಗಂಟೆಗಟ್ಲೆ ನೋಡ್ತಾರೆ.

ಈಗ ಚೆಂಡು. ಇನ್ಸ್‌ಪೆಕ್ಟರ್ ಅದನ್ನ ಕಾರಿನ ಮೈಮೇಲೆ ಆಡಿಸ್ತಾ ಹೋಗ್ತಾರೆ. ಚೆಂಡು ಎಲ್ಲೆಲ್ಲಿ ಮುಟ್ಟುತ್ತೋ ಅಲ್ಲಿರೋ ಅಂಚು ಚೂಪಾಗಿರ್ಬಾರ್ದು, ಅದ್ರ ದುಂಡು ಕಮ್ಮಿ ಅಂದ್ರೂ 2.5 ಮಿಲಿಮೀಟರ್ ರೇಡಿಯಸ್ ಇರ್ಬೇಕು, ಅಂದ್ರೆ ಅರ್ಧ ಸೆಂಟಿಮೀಟರ್ ದಪ್ಪದ ಸರಳಿನ ಮೈ ಎಷ್ಟು ಗುಂಡಗಿರುತ್ತೋ ಅಷ್ಟಾದ್ರೂ. ಸಂದೀಲಿ ಅಡಗಿರೋ ಬೋಲ್ಟ್‌ಗೆ ಚೆಂಡು ಹೋಗಲ್ಲ, ಅದು ಬಚಾವ್. ಯಾಕೆ ಈ ಕಾಟ ಅಂದ್ರೆ, ಕಾರ್ ಯಾರಿಗಾದ್ರೂ ಗುದ್ದಿದ್ರೆ ಅವ್ರ ಕಾಲೋ ತಲೆಯೋ ಎಲ್ಲೆಲ್ಲಿ ತಾಗ್ಬಹುದು ಅನ್ನೋದಕ್ಕೆ ಆ ಚೆಂಡು ಲೆಕ್ಕ. ಗುದ್ದು ಹೇಗೂ ಬೀಳುತ್ತೆ, ಅದ್ರ ಜೊತೆಗೆ ಅಂಚು ಕತ್ತಿ ಥರ ಸೀಳ್ಬಾರ್ದು. ಕಟ್ಟೋನು ಎರಡು ವರ್ಷ ತನ್ನ ಕಾರ್ ಬಗ್ಗೇನೇ ಯೋಚ್ನೆ ಮಾಡಿರ್ತಾನೆ, ಎಷ್ಟು ಸ್ಪೀಡು, ಎಷ್ಟು ಹಗುರ, ಎಷ್ಟು ಚೆಂದ ಅಂತ, ಆ ಕಾರಿಗೆ ಅಡ್ಡ ಬರೋ ಮನುಷ್ಯನ ಬಗ್ಗೆ ಮೊದಲ್ನೇ ಸಲ ಯೋಚ್ನೆ ಮಾಡೋದು ಆ ಚೆಂಡೇ. ನಂಗೆ ಈ ನಿಯಮಗಳಲ್ಲಿ ತುಂಬಾ ಹಿಡ್ಸಿದ್ದು ಇದು.

ತಾತಂದೂ ಸೆವೆನ್ ಥರದ್ದೇ ಕಾರ್, ಅದ್ರಲ್ಲಿ ಮುಂದಿನ ಸಸ್ಪೆನ್ಷನ್ ಪೂರ್ತಿ ಹೊರಗೇ ಇರುತ್ತೆ, ಮಡ್‌ಗಾರ್ಡು ಸೈಕಲ್ಲಿಂದ ಕಿತ್ತು ಹಾಕಿದ ಹಾಗೆ. ತಾತ ಒಂದೊಂದು ನಟ್ಟಿಗೂ ಪ್ಲಾಸ್ಟಿಕ್ ಟೋಪಿ ಹಾಕಿದ್ರು, ತಗಡಿನ ಅಂಚಿಗೆಲ್ಲ ರಬ್ಬರ್ ಬೀಡಿಂಗ್ ಕೂರಿಸಿದ್ರು, ನಾನೂ ಒಂದು ಭಾನುವಾರ ಕೂತು ಟೋಪಿ ಹಾಕಿದೀನಿ, ಬೆರಳು ಬೊಬ್ಬೆ ಬಂದಿತ್ತು.

ಆದ್ರೂ ಮೊದಲ್ನೇ ಸಲ ಫೇಲು. ಮೂರು ಕಾರಣ. ಮಡ್‌ಗಾರ್ಡಿನ ಸ್ಟೇ, ಅಂದ್ರೆ ಅದನ್ನ ಹಿಡ್ಕೊಳ್ಳೋ ಕಂಬಿ, ಅದ್ರ ಒಳಗೆ ಒಂದು ನಟ್ಟು ಬರಿ ತಲೇಲಿ ಉಳ್ಕೊಂಡಿತ್ತು. ವೈರಿಂಗು ಬ್ರೇಕ್ ಪೈಪು ಎಲ್ಲಾ 300 ಮಿಲಿಮೀಟರ್‌ಗೆ ಒಂದ್ಸಲ ಕ್ಲಿಪ್ ಹಾಕಿ ಚಾಸಿಗೆ ಕಟ್ಟಿರ್ಬೇಕು, ಒಂದ್ಕಡೆ ಎರಡು ಬೆರಳು ಜಾಸ್ತಿ ಗ್ಯಾಪ್ ಬಂದಿತ್ತು. ಇವೆರಡು ಬಿಡಿ, ಹತ್ತು ನಿಮಿಷದ ಕೆಲ್ಸ. ಮೂರ್ನೇದು ಸ್ಟೀರಿಂಗು. ತಿರುಗಿಸಿ ಕೈ ಸಡಿಲ ಬಿಟ್ರೆ ಅದು ತಾನಾಗೇ ನೇರಕ್ಕೆ ವಾಪಸ್ ಬರೋ ಕಡೆ ಹೋಗ್ಬೇಕು, ತಾತನ ಕಾರಲ್ಲಿ ಅದು ತಿರುಗಿದ ಕಡೇನೇ ಮುನಿಸ್ಕೊಂಡು ಕೂತಿತ್ತು. ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಓರೆಯಾಗಿರುತ್ತಲ್ಲ, ಅದು ಇರೋದ್ರಿಂದಾನೂ ಕೈ ಬಿಟ್ಟು ಓಡ್ಸೋಕಾಗೋದು, ಕಾರಲ್ಲಿ ಅದೇ ಓರೆಗೆ ಕ್ಯಾಸ್ಟರ್ ಅಂತಾರೆ. ಇಂಥ ಹಗುರ ಕಾರ್‌ಗಳಲ್ಲಿ ಮುಂದಿನ ಗಾಲಿ ಮೇಲೆ ಭಾರಾನೇ ಇರಲ್ಲ, ಹಾಗಾಗಿ ಇದು ಬಹಳ ಜನಕ್ಕೆ ಬರೋ ಕಾಯಿಲೆ. ತಾತ ಎರಡು ವಾರ ಕ್ಯಾಸ್ಟರ್ ಹೊಂದಿಸಿ, ಗಾಲಿಯ ಕೋನ ಬದ್ಲಾಯ್ಸಿ, ಟೈರ್ ಗಾಳಿ ಏರ್ಸಿ ಇಳ್ಸಿ ಸರಿ ಮಾಡಿದ್ರು.

ಉಳಿದಿದ್ದೂ ಕಮ್ಮಿ ಇಲ್ಲ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರ್ಸೋ ಹಾಗೇ ಇಲ್ಲ, ಜಾಸ್ತಿ ತೋರ್ಸಿದ್ರೆ ಒಂದು ಮಿತಿವರ್ಗೂ ಪರ್ವಾಗಿಲ್ಲ, ನಮ್ಮೂರ ತಕ್ಕಡಿಗೂ ಈ ರೂಲ್ ಇದ್ದಿದ್ರೆ! ಬ್ರೇಕ್ ಎರಡು ಸರ್ಕ್ಯೂಟಲ್ಲಿರ್ಬೇಕು, ಒಂದು ಲೀಕ್ ಆದ್ರೂ ಇನ್ನೊಂದು ಹಿಡೀಬೇಕು. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರಕ್ಕೆ ಮೈಕ್ ಇಟ್ಟು ಸದ್ದು ಅಳೀತಾರೆ. ಹೊಗೆ ಲೆಕ್ಕ ಕಾರಿನ ವಯಸ್ಸಿನ ಮೇಲಲ್ಲ, ಎಂಜಿನ್ ವಯಸ್ಸಿನ ಮೇಲೆ, ಆ ವಯಸ್ಸಿಗೆ ಕಾಗದದ ಸಾಕ್ಷಿ ಕೊಡ್ಬೇಕು. ಯಾವ ಭಾಗ ಎಲ್ಲಿಂದ ಬಂತು, ಯಾವ ಕಾಲದ್ದು ಅಂತ ಗೊತ್ತೇ ಆಗ್ದಿದ್ರೆ ಕಾರಿಗೆ ಕ್ಯೂ ಅಕ್ಷರದಿಂದ ಶುರುವಾಗೋ ನಂಬರ್ ಕೊಡ್ತಾರೆ, ಕಟ್ಟೋರು ಅದನ್ನ ಸ್ವಲ್ಪ ಅವಮಾನ ಅಂತಾನೇ ತಗೋತಾರೆ.

ಎರಡ್ನೇ ಸಲ ಪಾಸ್ ಆಯ್ತು. ಮಾರ್ನೇ ದಿನ ನೋಡ್ತೀನಿ, ತಾತ ಗ್ಯಾರೇಜಲ್ಲಿ ಕೂತು ರಬ್ಬರ್ ಬೀಡಿಂಗ್ ಕೀಳ್ತಿದಾರೆ! ಯಾಕೆ ಅಂದ್ರೆ ಚೆಂದ ಕೆಡುತ್ತೆ ಅಂದ್ರು. ಇದು ಅಲ್ಲಿ ಎಲ್ರಿಗೂ ಗೊತ್ತಿರೋ ಗುಟ್ಟು, ಟೆಸ್ಟಿಗೋಸ್ಕರ ಬೇರೆಯವ್ರ ಸ್ಟೀರಿಂಗ್ ವೀಲ್ ಸಾಲ ತಂದು ಹಾಕೋರೂ ಇದಾರೆ, ಆಮೇಲೆ ಮೂರು ವರ್ಷ ವಾರ್ಷಿಕ ಟೆಸ್ಟೂ ಇಲ್ಲ, ಕೇಳೋರ್ಯಾರು. ನಂಗೆ ಬೇಜಾರಾಯ್ತು, ಜಗಳಾನೂ ಆಡ್ದೆ, ನಟ್ಟಿನ ಟೋಪಿಗಳನ್ನಾದ್ರೂ ಬಿಡಿ ಅಂದೆ, ಅವು ಉಳ್ಕೊಂಡ್ವು.

ನಮ್ಮಲ್ಲಿ ಹೇಗೆ ಅಂತ ನೀವು ಕೇಳ್ತೀರ. ನಮ್ಮಲ್ಲಿ ಇಂಥ ಬಾಗಿಲೇ ಇಲ್ಲ ಅನ್ಬೇಕು. 1988ರ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52, ಕಂಪ್ನಿ ಕೊಟ್ಟ ಮೂಲ ರೂಪವನ್ನ ಬದಲಾಯಿಸೋ ಹಾಗಿಲ್ಲ ಅನ್ನುತ್ತೆ, 2019ರ ಜನವರೀಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡ್ತು. ಹೊಸ್ದಾಗಿ ಒಂದೇ ಒಂದು ಕಾರ್ ಕಟ್ಟಿದ್ರೂ ವಾಹನ ಪರೀಕ್ಷೆ ಮಾಡೋ ಪುಣೆಯ ಎಆರ್‌ಎಐ ಥರದ ಸಂಸ್ಥೇಲಿ ದೊಡ್ಡ ಕಂಪ್ನಿಯೋರು ಮಾಡ್ಸೋ ಟೆಸ್ಟ್ ಮಾಡಿಸ್ಬೇಕು, ಗ್ಯಾರೇಜಿನೋನಿಗೆ ಅದು ಆಗೋ ಮಾತಾ. ಬೆಳಗಾವಿ ಪಕ್ಕದ ಸಾಂಗ್ಲಿ ಜಿಲ್ಲೇಲಿ ಒಬ್ರು ಕಮ್ಮಾರರು ಗುಜರಿ ಸಾಮಾನಲ್ಲಿ, ಸುಮಾರು 60 ಸಾವಿರ ರೂಪಾಯಿ ಖರ್ಚಲ್ಲಿ, ಕಿಕ್ ಹೊಡ್ದು ಸ್ಟಾರ್ಟ್ ಮಾಡೋ ಪುಟ್ಟ ಜೀಪ್ ಕಟ್ಟಿದ್ರಲ್ಲ, 2021ರ ಕೊನೇಲಿ ವಿಡಿಯೋ ಎಲ್ಲಾ ಕಡೆ ಓಡ್ತು. ಆನಂದ್ ಮಹೀಂದ್ರ ಮೆಚ್ಕೊಂಡ್ರು, ಆದ್ರೆ ನಿಯಮಕ್ಕೆ ಹೊಂದಲ್ಲ, ಇವತ್ತಲ್ಲ ನಾಳೆ ಅಧಿಕಾರಿಗಳು ತಡೀತಾರೆ ಅಂತ ಹೇಳಿ, ಆ ಜೀಪ್ ತಗೊಂಡು ಬದ್ಲಿಗೆ ಬೊಲೆರೋ ಕೊಟ್ರು. ಬೊಲೆರೋ ಕೊಟ್ಟಿದ್ದು ದೊಡ್ಡ ಗುಣಾನೇ, ಇಲ್ಲ ಅನ್ನಲ್ಲ. ಆದ್ರೆ ಅದ್ರ ಅಂಚಿನ ಮೇಲೆ ಚೆಂಡು ಆಡ್ಸಿ, ಇಲ್ಲಿ ಉಜ್ಜು, ಅಲ್ಲಿ ಕ್ಲಿಪ್ ಹಾಕು, ಬ್ರೇಕ್ ಸರಿ ಮಾಡ್ಕೊಂಡು ಮುಂದಿನ ತಿಂಗ್ಳು ಬಾ ಅಂತ ಹೇಳೋರು ಇರ್ಬೇಕಿತ್ತು ಅಂತ ನಂಗನ್ಸುತ್ತೆ.

ನಮ್ಮಕ್ಕನ ಮಗ ಎಂಜಿನಿಯರಿಂಗ್ ಓದುವಾಗ ಬಾಹಾ ಅನ್ನೋ ಕಾಲೇಜು ಹುಡುಗರ ಗಾಡಿ ಸ್ಪರ್ಧೆಗೆ ಅಂತ ಗೆಳೆಯರ ಜೊತೆ ಸೇರಿ ಒಂದು ಗಾಡಿ ಕಟ್ಟಿದ್ದ, ಇಂದೋರ್ ಹತ್ರ ಪೀಥಂಪುರದ ಟ್ರ್ಯಾಕಲ್ಲಿ ಓಡ್ಸಿದ್ರು. ಬೆಲ್ಟು, ರೋಲ್ ಕೇಜು, ಬ್ರೇಕು ಎಲ್ಲಾ ಅಲ್ಲೂ ಕಟ್ಟುನಿಟ್ಟಾಗೇ ಚೆಕ್ ಮಾಡ್ತಾರಂತೆ. ತಾತನ ಕಾರಿನ ಫೋಟೋ ಕಳಿಸ್ದಾಗ ಫೋನ್ ಮಾಡ್ದ, "ಮಾಮ, ಇವ್ರು ನಂಬರ್ ಪ್ಲೇಟ್ ಹಾಕೊಂಡು ಅಂಗಡಿಗೆ ಹಾಲು ತರೋಕೆ ಹೋಗ್ಬಹುದಾ?" ಅಂತ. ಹೂಂ ಕಣೋ, ಇವತ್ತು ಬೆಳಿಗ್ಗೆ ಹೋಗಿದ್ರು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಅವನ ಗಾಡಿ ಪೀಥಂಪುರಕ್ಕೆ ಹೋಗಿದ್ದೂ ಲಾರಿ ಮೇಲೆ, ವಾಪಸ್ ಬಂದಿದ್ದೂ ಲಾರಿ ಮೇಲೆ. ನಮಸ್ಕಾರ.