ಟಾಲಿನ್‌ನ ಸಬ್‌ಮರೀನ್ ಒಳಗೆ ತಲೆ ಕುಟ್ಟಿಕೊಂಡ ಕಥೆ

ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ವಿಡಿಯೋದಲ್ಲಿ ನಾನು ಬಾಯಿ ಆಡಿಸುವುದು ಕಾಣುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಮೈಕ್ ಆನ್ ಮಾಡುವುದೇ ಮರೆತಿದ್ದೆ. ಪೂರ್ತಿ ಮೂರು ಗಂಟೆ! ಅದಕ್ಕೇ ಈಗ ಮನೆಯಲ್ಲಿ, ಸದ್ದು ಬರಬಾರದು ಅಂತ ಫ್ಯಾನ್ ಆಫ್ ಮಾಡಿಕೊಂಡು, ಬೆವರುತ್ತಾ ಚಳಿ ದೇಶದ ಕಥೆ ಹೇಳುತ್ತಿದ್ದೇನೆ.

ಇದು ಎಸ್ಟೋನಿಯಾದ ರಾಜಧಾನಿ ಟಾಲಿನ್. ಹಳೇ ಪೇಟೆಯಿಂದ ಹೊರಟು, ಕಲಮಾಯ ಅನ್ನುವ ಏರಿಯಾದ ಮರದ ಮನೆಗಳನ್ನು ನೋಡುತ್ತಾ ನಡೆದರೆ ಸಮುದ್ರದ ಅಂಚಿಗೆ ಬರುತ್ತೀರಿ. ಅಲ್ಲಿ ಲೆನ್ನುಸಾದಮ್ ಅಂತ ಮ್ಯೂಸಿಯಂ ಇದೆ. ಲೆನ್ನು ಅಂದರೆ ಹಾರಾಟ, ಸಾದಮ್ ಅಂದರೆ ಬಂದರು. ನಿಜ ಹೇಳಬೇಕೆಂದರೆ ಮಳೆ ಬಂತು ಅಂತ ಒಳಗೆ ಹೋದೆ, ಅಷ್ಟೇ.

ಒಳಗೆ ಹೋದವನು ಮೊದಲು ನೋಡಿದ್ದು ಮೇಲಕ್ಕೆ. ಮೂರು ದೊಡ್ಡ ಕಾಂಕ್ರೀಟ್ ಗುಮ್ಮಟ, ಮಧ್ಯೆ ಒಂದೂ ಕಂಬ ಇಲ್ಲ. ಮೊದಲ ಮಹಾಯುದ್ಧದ ಹೊತ್ತಲ್ಲಿ, 1916-17ರಲ್ಲಿ, ನೀರಿನ ಮೇಲೆ ಇಳಿಯುವ ವಿಮಾನಗಳನ್ನು ನಿಲ್ಲಿಸಲು ಇದನ್ನು ಕಟ್ಟಿಸಿದ್ದು ರಷ್ಯಾದ ಝಾರ್ ಸರ್ಕಾರ. ಶತ್ರು ಹಡಗು ಇಲ್ಲಿನ ಫಿನ್‌ಲ್ಯಾಂಡ್ ಕೊಲ್ಲಿ ದಾಟಿ ರಷ್ಯಾದ ಆಗಿನ ರಾಜಧಾನಿ ಪೆಟ್ರೊಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಮುಟ್ಟಬಾರದು ಅನ್ನುವುದು ಅವರ ಲೆಕ್ಕ. ಗುಮ್ಮಟದ ನೆತ್ತಿಯಲ್ಲಿ ಕಾಂಕ್ರೀಟ್ ಸುಮಾರು 8 ಸೆಂಟಿಮೀಟರ್ ದಪ್ಪ ಇದೆಯಂತೆ. ನಮ್ಮ ಮನೆಯ ತಾರಸಿಯೇ ಇದಕ್ಕಿಂತ ದಪ್ಪ ಇದೆ!

ದೋಣಿ, ಫಿರಂಗಿ, ಒಂದು ಹಳೇ ವಿಮಾನದ ಮಾದರಿ, ಇವುಗಳ ವಿಡಿಯೋ ಸ್ವಲ್ಪ ಬೇಗ ಓಡಿಸುತ್ತೇನೆ. ಯಾಕೆಂದರೆ ನಾನು ಜಾಸ್ತಿ ಹೊತ್ತು ಇದ್ದದ್ದು ಇದರ ಹತ್ತಿರ. ಲೆಂಬಿಟ್. ಸುಮಾರು 60 ಮೀಟರ್ ಉದ್ದದ ಸಬ್‌ಮರೀನ್.

1930ರ ದಶಕದಲ್ಲಿ ಎಸ್ಟೋನಿಯಾ ಸ್ವತಂತ್ರವಾಗಿ ಇನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಸಬ್‌ಮರೀನ್ ಬೇಕಿತ್ತು, ದುಡ್ಡಿರಲಿಲ್ಲ. ಇದ್ದ ಎರಡು ಯುದ್ಧನೌಕೆಗಳನ್ನು 1933ರಲ್ಲಿ ಪೆರು ದೇಶಕ್ಕೆ ಮಾರಿದರು. ಜನರಿಂದ ಚಂದಾ ಕೂಡ ಎತ್ತಿದರು. ನಮ್ಮಲ್ಲಿ ಗಣಪತಿಗೆ ಎತ್ತುತ್ತಾರಲ್ಲ, ಹಾಗೆ ಸಬ್‌ಮರೀನ್‌ಗೆ ಚಂದಾ! ಕೊನೆಗೆ ಬ್ರಿಟನ್ನಿನ ಬ್ಯಾರೊ ಊರಲ್ಲಿ ಎರಡನ್ನು ಕಟ್ಟಿಸಿದರು, ಕಾಲೆವ್ ಮತ್ತು ಲೆಂಬಿಟ್. ಎಸ್ಟೋನಿಯಾದ ನೌಕಾಪಡೆಯಲ್ಲಿ ಅವು ಇದ್ದದ್ದು ಮೂರೇ ಚಿಲ್ಲರೆ ವರ್ಷ. 1940ರಲ್ಲಿ ಸೋವಿಯತ್ ಸೇನೆ ಬಂತು, ದೇಶವೇ ಹೋಯಿತು, ಸಬ್‌ಮರೀನ್ ಉಳಿಯುತ್ತದೆಯೇ?

ಕಾಲೆವ್ 1941ರಲ್ಲಿ ಸಮುದ್ರಕ್ಕೆ ಹೋದದ್ದು ವಾಪಸ್ ಬರಲಿಲ್ಲ. ಲೆಂಬಿಟ್ ಮಾತ್ರ ಸೋವಿಯತ್ ಬಾವುಟದ ಕೆಳಗೆ ಯುದ್ಧ ಪೂರ್ತಿ ಮುಗಿಸಿ ಬಂತು. ನನಗೆ ಆಶ್ಚರ್ಯ ಆದದ್ದು ಹೆಸರಿನ ವಿಷಯಕ್ಕೆ. ಲೆಂಬಿಟು ಅಂದರೆ ಜರ್ಮನ್ ನೈಟ್‌ಗಳ ವಿರುದ್ಧ ಹೋರಾಡಿ 1217ರಲ್ಲಿ ಸತ್ತ ಇಲ್ಲಿನ ನಾಯಕ. ಎಸ್ಟೋನಿಯಾ ಇಟ್ಟ ಆ ಹೆಸರನ್ನು ಸೋವಿಯತ್‌ನವರು ಹಾಗೇ ಬಿಟ್ಟರು. ಜರ್ಮನರ ಜೊತೆ ಹೊಡೆದಾಡಿದವನು ಅವರಿಗೂ ಆಗಿಬರುತ್ತಿದ್ದ, ಅದಕ್ಕೇ ಇರಬಹುದು ಅಂತ ನನ್ನ ಊಹೆ.

ಈಗ ಒಳಗೆ ಇಳಿಯುತ್ತಿದ್ದೇನೆ ನೋಡಿ. ಇಲ್ಲಿ, ಈ ದುಂಡನೆ ಬಾಗಿಲಲ್ಲಿ, ಠಪ್ ಅಂತ ತಲೆ ಕುಟ್ಟಿಕೊಂಡೆ. ಹಿಂದೆ ಬರುತ್ತಿದ್ದ ಶಾಲೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರೆಲ್ಲ ಇಲಿಮರಿಗಳ ಹಾಗೆ ಸರಾಗವಾಗಿ ನುಸುಳಿಕೊಂಡು ಹೋದರು.

ಹೊರಗೆ ನೀಲಿ ಲೈಟಿನಲ್ಲಿ ಇದು ಎಷ್ಟು ಚೆಂದ ಕಾಣುತ್ತದೆ ಎಂದರೆ ಆಯುಧ ಅನ್ನುವುದೇ ಮರೆತುಹೋಗುತ್ತದೆ. ಮುಂಭಾಗಕ್ಕೆ ಬಂದಾಗ ನೆನಪಾಯಿತು. ನಾಲ್ಕು ಟಾರ್ಪಿಡೋ ಕೊಳವೆ, ಪಕ್ಕದಲ್ಲೇ ಮಲಗುವ ಹಲಗೆ. ಎರಡೂ ಬದಿಯ ಗೋಡೆಯ ಆಚೆ 20 ಮೈನ್, ಅಂದರೆ ಸಮುದ್ರದಲ್ಲಿ ಬಿಡುವ ಸ್ಫೋಟಕ, ಇಡುವ ಜಾಗ. ಇದರ ಮಧ್ಯೆ 30ಕ್ಕೂ ಹೆಚ್ಚು ಜನ, ವಾರಗಟ್ಟಲೆ, ಡೀಸೆಲ್ ವಾಸನೆಯಲ್ಲಿ. ನೀರೊಳಗೆ ಹೋದಾಗ ಡೀಸೆಲ್ ಎಂಜಿನ್ ನಿಲ್ಲಿಸಿ ಬ್ಯಾಟರಿಯಲ್ಲಿ ಓಡಿಸಬೇಕಿತ್ತು, ಅಂದರೆ ಗಾಳಿಯೂ ಲೆಕ್ಕದ್ದೇ. ನಾನು ಹಲಗೆಯ ಅಳತೆ ನೋಡಲು ಬಗ್ಗಿದೆ. ಎರಡು ನಿಮಿಷಕ್ಕೇ ಕುತ್ತಿಗೆ ಹಿಡಿಯಿತು.

1992ರಲ್ಲಿ, ಎಸ್ಟೋನಿಯಾ ಮತ್ತೆ ಸ್ವತಂತ್ರವಾದ ಮರುವರ್ಷ, ಇಲ್ಲಿನವರು ಈ ಸಬ್‌ಮರೀನ್ ಹತ್ತಿ ತಮ್ಮ ಬಾವುಟ ಏರಿಸಿದರು. ರಷ್ಯಾದ ಸೇನೆ ಆಗಿನ್ನೂ ದೇಶ ಬಿಟ್ಟಿರಲಿಲ್ಲ, ಅದು ಹೋದದ್ದು 1994ರಲ್ಲಿ. ನೀರಿನಿಂದ ಇದನ್ನು ಎಳೆದು ತಂದದ್ದು 2011ರಲ್ಲಿ. ಮುಂದಿನ ವರ್ಷ ಮ್ಯೂಸಿಯಂ ತೆರೆಯಿತು.

ಹೊರಗೆ ಸೂರ್ ತೊಲ್ ಅನ್ನುವ ಐಸ್ ಒಡೆಯುವ ಹಡಗೂ ನಿಂತಿದೆ, 1914ರದ್ದು. ಅದರ ವಿಡಿಯೋ ಇಲ್ಲ, ಚಳಿಗೆ ಬ್ಯಾಟರಿ ಕೈಕೊಟ್ಟಿತು.

ಅಂದಹಾಗೆ ನಮ್ಮೂರು ಅಂಕೋಲಾ. ಕಾರವಾರದ ಟಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಅನ್ನುವ ಹಳೇ ಯುದ್ಧನೌಕೆಯ ಮ್ಯೂಸಿಯಂ ಇದೆಯಲ್ಲ, ಆ ನೌಕೆ ಸೋವಿಯತ್ ರಷ್ಯಾದಲ್ಲಿ ಕಟ್ಟಿದ್ದು. ಗೋವಾ ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ್ದೇನೆ. ಇಳಿದು ಒಳಗೆ ಹೋಗಿದ್ದು ಒಮ್ಮೆಯೂ ಇಲ್ಲ. ಈ ಭಾನುವಾರ ಹೋಗುತ್ತಿದ್ದೇನೆ, ಮೈಕ್ ಈಗಲೇ ಚಾರ್ಜಿಗೆ ಹಾಕಿದ್ದೇನೆ.