ಹಳೆಯ ಲೇತಿನ ಜೊತೆ ಒಂದು ನೂರಾಂಶ

ಕೇಳುಗರಿಗೆ ನಮಸ್ಕಾರ.

ಲೇತ್ ಎಂದರೆ ಲೋಹದ ಸರಳನ್ನು ತಿರುಗಿಸುತ್ತಾ ಟೂಲಿನಿಂದ ಅದನ್ನು ಕೆತ್ತುವ ಯಂತ್ರ. ಇಷ್ಟದ ಲೇತ್ ಸಾಮಾನ್ಯವಾಗಿ ಹಳೆಯ ಲೇತೇ ಆಗಿರುತ್ತದೆ. ಟೂಲನ್ನು ಸರಿಸುವ ಸ್ಕ್ರೂ ಸವೆದಿರುತ್ತದೆ, ಸರಳನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್ ಕೊಂಚ ಓಲಾಡುತ್ತದೆ. ಆದರೂ ಎಷ್ಟು ಸವೆದಿದೆ, ಎಷ್ಟು ಓಲಾಡುತ್ತದೆ ಎಂದು ಅಳೆದಿಟ್ಟುಕೊಂಡವರ ಕೈಗೆ ಅದು 0.01 ಮಿಲಿಮೀಟರಿನ, ಅಂದರೆ ಒಂದು ನೂರಾಂಶದ ಕೆಲಸವನ್ನೂ ಕೊಡುತ್ತದೆ. ಅದರ ರುಚಿ ಹತ್ತಿದವರು ಯಂತ್ರವನ್ನು ಸುಲಭಕ್ಕೆ ಬದಲಿಸುವುದಿಲ್ಲ.

ಟೂಲನ್ನು ಸರಳಿನ ಕಡೆಗೆ ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಹಿಡಿಯನ್ನು ಮುಂದಕ್ಕೆ ತಿರುಗಿಸಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ನೋಡಿ. ಸ್ವಲ್ಪ ದೂರ ಹಿಡಿ ಮಾತ್ರ ತಿರುಗುತ್ತದೆ, ಸ್ಲೈಡ್ ಅಲುಗುವುದಿಲ್ಲ. ಸ್ಕ್ರೂ ಮತ್ತು ನಟ್ಟಿನ ನಡುವಿನ ಈ ಸಡಿಲವೇ ಬ್ಯಾಕ್‌ಲ್ಯಾಶ್. 0.2 ಮಿಲಿಮೀಟರ್ ಇದ್ದರೂ ಗಾಬರಿ ಬೇಡ. ಅಳತೆ ದಾಟಿತೇ? ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದಕ್ಕೆ ತಿರುಗಿಸುತ್ತಲೇ ಅಳತೆಗೆ ಬನ್ನಿ.

ಟೂಲಿನ ಎತ್ತರಕ್ಕೆ ಒಂದು ಉಕ್ಕಿನ ಸ್ಕೇಲ್ ಸಾಕು. ಚಕ್ ನಿಂತಿರುವಾಗ ಟೂಲಿನ ತುದಿ ಮತ್ತು ಸರಳಿನ ನಡುವೆ ಅದನ್ನು ಹಗುರವಾಗಿ ಸಿಕ್ಕಿಸಿ. ನೆಟ್ಟಗೆ ನಿಂತರೆ ಟೂಲ್ ಮಧ್ಯದಲ್ಲಿದೆ. ಸ್ಕೇಲಿನ ತಲೆ ನಿಮ್ಮ ಕಡೆ ವಾಲಿದರೆ ಟೂಲ್ ತಗ್ಗಿದೆ, ಅತ್ತ ವಾಲಿದರೆ ಮೇಲಿದೆ.

ವೇಗದ ಲೆಕ್ಕ ಬಾಯಲ್ಲೇ ಆಗುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನ) ಟೂಲಿಗೆ ಮೈಲ್ಡ್ ಸ್ಟೀಲಿನ, ಅಂದರೆ ಮೆದು ಉಕ್ಕಿನ ಮೇಲೆ ನಿಮಿಷಕ್ಕೆ 30 ಮೀಟರ್ ಎಂದಿಟ್ಟುಕೊಂಡು, ಅದನ್ನು 320ರಿಂದ ಗುಣಿಸಿ, ಮಿಲಿಮೀಟರಿನಲ್ಲಿರುವ ವ್ಯಾಸದಿಂದ ಭಾಗಿಸಿ. 25 ಮಿಲಿಮೀಟರಿನ ಸರಳಿಗೆ ನಿಮಿಷಕ್ಕೆ 384 ಸುತ್ತು. ಚೂರು ನೀಲಿಯಾಗತೊಡಗಿದರೆ ವೇಗ ಹೆಚ್ಚಾಯಿತು. ಅದಕ್ಕಿಂತ ಗಟ್ಟಿಯಾದ ಕಾರ್ಬೈಡ್ ಟೂಲಿಗೆ ಮಾತ್ರ ನೀಲಿ ಸಹಜ. ಕಿರ್ರೆಂದು ಕಿರುಚಿದರೆ ಟೂಲನ್ನು ಒಳಗೆ ಸರಿಸಿ ಬಿಗಿ ಮಾಡಿ, ವೇಗ ಇಳಿಸಿ. ಫೀಡ್, ಅಂದರೆ ಪ್ರತಿ ಸುತ್ತಿಗೆ ಟೂಲ್ ಮುಂದೆ ಸರಿಯುವ ದೂರ, ತುಸು ಏರಿಸಿದರೂ ಎಷ್ಟೋ ಸಲ ಸದ್ದು ನಿಲ್ಲುತ್ತದೆ. ಹೊಸಬರು ಫೀಡನ್ನೇ ಇಳಿಸಿ ಕಿರುಚಾಟ ಹೆಚ್ಚಿಸಿಕೊಳ್ಳುತ್ತಾರೆ.

ಈಗ ಆ ನೂರಾಂಶಕ್ಕೆ ಬರೋಣ. ಕ್ರಾಸ್ ಸ್ಲೈಡಿನ ಮೇಲೆ ಕೂತು ಬೇಕಾದ ಕೋನಕ್ಕೆ ತಿರುಗುವ ಟಾಪ್ ಸ್ಲೈಡನ್ನು ಲೇತಿನ ಅಕ್ಷಕ್ಕೆ 5.74 ಡಿಗ್ರಿ ಓರೆ ಮಾಡಿ. ಅದರ ಸೈನ್ 0.1. ಅಂದರೆ ಸ್ಲೈಡ್ 0.1 ಮಿಲಿಮೀಟರ್ ಸರಿದರೆ ಟೂಲ್ ಒಳಕ್ಕೆ 0.01 ಹೋಗುತ್ತದೆ, ವ್ಯಾಸ 0.02 ಇಳಿಯುತ್ತದೆ. ಡಿಗ್ರಿಯ ಗೆರೆಗಳನ್ನು ನಂಬಬೇಡಿ. ಟೂಲನ್ನು ಹಿಡಿದಿಡುವ ಟೂಲ್ ಪೋಸ್ಟಿಗೆ, ಕಡ್ಡಿಯ ಸಣ್ಣ ಚಲನೆಯನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಕಟ್ಟಿ, ಅದರ ಕಡ್ಡಿಯನ್ನು ಉದ್ದಕ್ಕೂ ಒಂದೇ ದಪ್ಪಕ್ಕೆ ಕೆತ್ತಿದ ಸರಳಿನ ಪಕ್ಕಕ್ಕೆ ಅಡ್ಡಡ್ಡವಾಗಿ ತಾಗಿಸಿ, ಸ್ಲೈಡನ್ನು 10 ಮಿಲಿಮೀಟರ್ ಸರಿಸಿ. ಗೇಜ್ 1 ಮಿಲಿಮೀಟರ್ ತೋರಿಸುವವರೆಗೆ ಓರೆಯನ್ನು ತಿದ್ದಿ. ಆಮೇಲೆ ಕ್ರಾಸ್ ಸ್ಲೈಡನ್ನು ಬಿಗಿದುಬಿಡಿ. ಟೂಲ್ ಚೂಪಾಗಿರಬೇಕು, ಇಲ್ಲವಾದರೆ ಇಷ್ಟು ತೆಳುವನ್ನು ಕಚ್ಚದೆ ಸುಮ್ಮನೆ ಸವರಿಹೋಗುತ್ತದೆ. ಮೂರನೆಯ ಸಲಕ್ಕೆ ಒತ್ತಡ ಕೂಡಿಕೊಂಡು ಹೇಳದೆ ಕೇಳದೆ ಬೇಕಾದ್ದಕ್ಕಿಂತ ಹೆಚ್ಚನ್ನೇ ಕಿತ್ತುಕೊಳ್ಳುತ್ತದೆ.

ಕೂದಲೆಳೆಯಂಥ ಚೂರು ಸುರುಳಿಯಾಗಿ ಬರುತ್ತಿರುವಾಗ ವ್ಯಾಸ ಅಳೆಯಲು ಮೈಕ್ರೋಮೀಟರ್ ಹಿಡಿಯಬೇಕೆಂಬ ಆತುರ ಹುಟ್ಟುತ್ತದೆ. ತಡೆಯಿರಿ. 50 ಮಿಲಿಮೀಟರ್ ವ್ಯಾಸದ ಉಕ್ಕು 20 ಡಿಗ್ರಿ ಬಿಸಿಯಾದರೆ ಸುಮಾರು 0.012 ಮಿಲಿಮೀಟರ್ ಉಬ್ಬಿರುತ್ತದೆ. ಬಿಸಿಯಲ್ಲಿ ಸರಿ ಬಂದದ್ದು ತಣ್ಣಗಾದಾಗ ಚಿಕ್ಕದಾಗುತ್ತದೆ, ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲವಲ್ಲ. ಮೋಟಾರ್ ನಿಲ್ಲಿಸಿ, ಚೂರುಗಳನ್ನು ಕೊಕ್ಕೆಯಿಂದ ಎಳೆದು ಹಾಕಿ, ಬೆಡ್ ಒರೆಸಿ ಎಣ್ಣೆ ಸವರಿ. ಅಷ್ಟರಲ್ಲಿ ಸರಳು ಕೈಗೆ ತಣ್ಣಗೆ ಹತ್ತುತ್ತದೆ. ಆಗ ಅಳೆಯಿರಿ.